ಪೈರು ಅವರದು, ಕಳೆ ನಮ್ಮದು: ಅಣ್ಣೆ ಸೊಪ್ಪಿನ ಚರಿತ್ರೆ



ಇವತ್ತು ಸ್ವಲ್ಪ ಉದ್ದ ಬರೀತಿದೀನಿ. ವಿಷಯ ಸೊಪ್ಪು. ಒಳಮೀಸಲಾತಿ, ಭೂಮಿ ಹೋರಾಟ ಎಲ್ಲಾ ಬಿಟ್ಟು ಇವನಿಗೇನು ಸೊಪ್ಪಿನ ಹುಚ್ಚು ಅನ್ಕೋಬೇಡಿ. ಪೂರ್ತಿ ಓದಿ, ಇದೂ ಭೂಮಿಯ ವಿಷಯವೇ ಅಂತ ಗೊತ್ತಾಗುತ್ತೆ.

ಮುಂಗಾರು ಬಿದ್ದು ರಾಗಿ ಪೈರು ಗೇಣುದ್ದ ಬಂದಿದ್ದ ಹೊತ್ತಿನಲ್ಲಿ ಊರಿಗೆ ಹೋಗಿದ್ದೆ. ನಾಗಮಂಗಲ ತಾಲ್ಲೂಕಿನ ನಮ್ಮ ಕೇರಿ. ಬೆಳಿಗ್ಗೆ ಎದ್ದು ಹೊಲದ ಕಡೆ ಹೋಗಿದ್ದ ಅವ್ವ ಬರಿ ಮಡಿಲಲ್ಲಿ ವಾಪಸ್ ಬಂದಳು.

"ಯಾಕವ್ವ, ಸೊಪ್ಪು ಸಿಗ್ನಿಲ್ವಾ?" ಅಂದೆ.

"ಸೊಪ್ಪೇನೋ ಐತೆ ಕಣ್ ಮಗ. ಔಸ್ದಿ ವಡ್ದವ್ರೆ. ಎಲೆ ತುದಿ ಎಲ್ಲಾ ಸುಟ್ಕಂಡಂಗೈತೆ. ಅದ್ನ ಹೆಂಗ್ ತಿನ್ನದು?"

ಮಳೆಗಾಲದಲ್ಲಿ ನಮ್ಮವ್ವ ಹೊಲದಿಂದ ಬರಿಗೈಲಿ ಬಂದಿದ್ದನ್ನ ನಾನು ನೋಡಿರಲಿಲ್ಲ. ಅವತ್ತು ನಾಗಮಂಗಲ ಪೇಟೆಯಿಂದ ಪ್ಲಾಸ್ಟಿಕ್ ಕವರಲ್ಲಿ ಪಾಲಕ್ ತಂದು ಸಾರು ಮಾಡಿದ್ವಿ. ಅವ್ವ ಉಂಡಳು, ಏನೂ ಅನ್ನಲಿಲ್ಲ. ನನಗೆ ಮಾತ್ರ ಆ ಬರಿ ಮಡಿಲು ತಲೆಯಿಂದ ಹೋಗಲಿಲ್ಲ. ಅದಕ್ಕೇ ಈ ಬರಹ.

*

ಅಣ್ಣೆ ಸೊಪ್ಪು ಗೊತ್ತಿಲ್ಲದ ಸಿಟಿಯ ತಮ್ಮ ತಂಗಿಯರಿಗೆ ಮೊದಲು ಪರಿಚಯ ಮಾಡಿಕೊಡ್ತೀನಿ. ರಾಗಿ ಹೊಲದಲ್ಲಿ ಯಾರೂ ಬಿತ್ತದೆ ತಾನಾಗೇ ಹುಟ್ಟೋ ಗಿಡ. ಮೊಣಕಾಲುದ್ದ, ಬಿಟ್ಟರೆ ಸೊಂಟದುದ್ದ ಬೆಳೆಯುತ್ತೆ. ಎಲೆ ನೀಳ, ತುದಿ ಚೂಪು. ಬಲಿತರೆ ತುದಿಯಲ್ಲಿ ದೀಪದ ಬತ್ತಿಯ ಹಾಗೆ ಹೂ ನಿಲ್ಲುತ್ತೆ. ಮೊದಲು ನಸುಗೆಂಪು, ಬರ್ತಾ ಬರ್ತಾ ಬೆಳ್ಳಿ ಬಣ್ಣ. ಒಣಗಿದ ಹೂವನ್ನ ಅಂಗೈಲಿ ಉಜ್ಜಿದರೆ ಕರ್ರಗೆ ಮಿರಮಿರ ಮಿಂಚೋ ಸಣ್ಣ ಬೀಜ ಉದುರುತ್ತೆ. ದಂಟಿನ ಸೊಪ್ಪು, ಕೀರೆ ಸೊಪ್ಪುಗಳ ಕುಟುಂಬಕ್ಕೇ ಸೇರಿದ್ದು. 1753ರಲ್ಲಿ ಲಿನೇಯಸ್ ಇದಕ್ಕೆ ಸೆಲೋಸಿಯಾ ಅರ್ಜೆಂಟಿಯಾ ಅಂತ ಹೆಸರು ಕೊಟ್ಟ. ಮೊದಲನೇ ಪದ ಗ್ರೀಕ್ ಭಾಷೆಯ ಉರಿ ಅನ್ನೋದರಿಂದ ಬಂದಿದ್ದು, ಎರಡನೆಯದಕ್ಕೆ ಬೆಳ್ಳಿಯಂಥದ್ದು ಅಂತ ಅರ್ಥ.

ನಮ್ಮ ಅಕ್ಕಪಕ್ಕದವರಿಗೂ ಇದು ಹೊಸದಲ್ಲ. ತಮಿಳರು ಪಣ್ಣೈ ಕೀರೈ ಅಂತಾರೆ. ಪಾಲು ಹಾಲಾಗಿ, ಪುಲಿ ಹುಲಿಯಾಗಿ, ನಮ್ಮ ಮಂಡ್ಯದ ಬಾಯಲ್ಲಿ ಆ ಹಕಾರವೂ ಬಿದ್ದು ಆಲು, ಉಲಿ ಆದದ್ದನ್ನ ನೆನಪಿಟ್ಟುಕೊಂಡು ಪಣ್ಣೈ, ಅಣ್ಣೆ ಎರಡನ್ನೂ ಒಟ್ಟಿಗೆ ಹೇಳಿ ನೋಡಿ, ಅಕ್ಕ ತಂಗಿ ಹೆಸರಿನ ಹಾಗೆ ಕೇಳುತ್ತೆ. ಮಹಾರಾಷ್ಟ್ರದಲ್ಲಿ ಕುರಡು. ತೆಲುಗಿನಲ್ಲಿ ಗುನುಗು. ತೆಲಂಗಾಣದ ಹೆಂಗಸರು ಬತುಕಮ್ಮ ಹಬ್ಬದಲ್ಲಿ ಹೂವಿನ ಗೋಪುರ ಕಟ್ಟೋದು ತಂಗಡಿ ಹೂವಿನ ಜೊತೆ ಇದೇ ಗುನುಗು ಹೂವಿನಿಂದ. ಅಲ್ಲಿ ಅದು ದೇವರು, ಇಲ್ಲಿ ಅದು ಕಳೆ.

ಇನ್ನೊಂದು ತಮಾಷೆ ಕೇಳಿ. ಕೋಳಿಜುಟ್ಟಿನ ಹೂ ನೋಡಿದೀರಲ್ಲ, ಮಖಮಲ್ಲಿನ ಹಾಗೆ ಕೆಂಪಗೆ ಮಡಚಿಕೊಂಡಿರುತ್ತೆ, ಕುಂಡದಲ್ಲಿ ಬೆಳೀತಾರೆ, ಹಾರಕ್ಕೆ ಹಾಕ್ತಾರೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದೂ ಅಣ್ಣೆಯೂ ಒಂದೇ ಜಾತಿ. ಒಂದನ್ನ ನೀರೆರೆದು ಸಾಕ್ತಾರೆ, ಇನ್ನೊಂದನ್ನ ಕಿತ್ತು ಬದುವಿನ ಆಚೆ ಎಸೀತಾರೆ. ಒಂದೇ ಜಾತಿಯೊಳಗೂ ಮೇಲು ಕೀಳು ಮಾಡೋದರಲ್ಲಿ ನಮ್ಮ ದೇಶವನ್ನ ಮೀರಿಸಿದವರಿಲ್ಲ.

ಅಡುಗೆಗೆ ಇದು ಒಂಟಿಯಾಗಿ ಬರೋದು ಕಡಿಮೆ. ಅಣ್ಣೆ, ಕನ್ನೆ, ದಗ್ಗಲ, ಗೋಣಿ, ಕಿರಕಸಾಲೆ, ಗಣಿಕೆ, ಹೊನಗೊನೆ, ಒಂದಷ್ಟು ನುಗ್ಗೆ, ಎಲ್ಲಾ ಸೇರಿದರೆ ಬೆರಕೆ ಸೊಪ್ಪು. ಹುರುಳಿಯೋ ಅಲಸಂದೆಯೋ ಕಾಳಿನ ಜೊತೆ ಬೇಯಿಸಿ, ನೀರು ಬಸಿದು, ಆ ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಬಸ್ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಒಂದು ಮಡಿಲು ಸೊಪ್ಪಿಗೆ ಎರಡು ಅಡುಗೆ. ಕಾಳಿಲ್ಲದ ದಿನ ಬರೀ ಸೊಪ್ಪು, ಉಪ್ಪು, ಹಸಿಮೆಣಸಿನಕಾಯಿ. ಆ ದಿನಗಳೇ ಜಾಸ್ತಿ ಇದ್ದವು, ಅದನ್ನೂ ಹೇಳಿಬಿಡ್ತೀನಿ.

*

ಈಗ ಚರಿತ್ರೆಗೆ ಬರೋಣ.

ನಮ್ಮ ಹೊಲಗಳಲ್ಲಿ ಯಾವ ಕಾನೂನು ಪುಸ್ತಕದಲ್ಲೂ ಇಲ್ಲದ ಒಂದು ಕಾನೂನಿತ್ತು. ಪೈರು ಹೊಲದವರದು, ಕಳೆ ಕಿತ್ತವರದು. ರಾಗಿ ಬಿತ್ತಿ ಮೂರು ನಾಲ್ಕು ವಾರಕ್ಕೆ ಕುಂಟೆ ಹೊಡೆದು, ಕುಂಟೆಗೆ ಸಿಗದ ಕಳೆ ಕೀಳೋಕೆ ಹೆಣ್ಣಾಳುಗಳನ್ನ ಕರೀತಿದ್ರು. ನಮ್ಮ ಕೇರಿಯ ಹೆಂಗಸರು ಸಾಲು ಹಿಡಿದು ಕೂತು ಮುಂದೆ ಮುಂದೆ ಸರೀತಾ ಕೀಳೋರು. ಕೈಗೆ ಬಂದ ಗಿಡವನ್ನ ಕಣ್ಣು ಹಾಕದೆ ಬೆರಳಲ್ಲೇ ಗುರುತು ಹಿಡಿದು, ತಿನ್ನೋದು ಮಡಿಲಿಗೆ, ತಿನ್ನದ್ದು ಬದುವಿಗೆ. ಸಂಜೆ ಕೂಲಿ ಎಷ್ಟು ಕೊಡ್ತಿದ್ರೋ ಅದು ಒಂದು ಲೆಕ್ಕ. ಮಡಿಲು ತುಂಬಾ ಸೊಪ್ಪು ಇನ್ನೊಂದು ಲೆಕ್ಕ. ಮೊದಲನೆಯದು ಕೂಲಿ, ಎರಡನೆಯದು ಅವತ್ತಿನ ರಾತ್ರಿಯ ಊಟ.

ಕನ್ನಡದಲ್ಲಿ ಕಳೆ ಅಂದ್ರೆ ಬೇಡದ ಗಿಡ. ಕಳೆ ಅಂದ್ರೆ ಲೆಕ್ಕದಲ್ಲಿ ತೆಗೆದುಹಾಕು. ಕಳೆ ಅಂದ್ರೆ ಮುಖದ ಕಾಂತಿ ಕೂಡಾ. ಹೊಲದ ಒಡೆಯನಿಗೆ ಮೊದಲ ಎರಡು ಅರ್ಥ. ಮಕ್ಕಳ ಮುಖ ನೋಡೋ ತಾಯಿಗೆ ಮೂರನೆಯದು.

ಆದರೆ ಬರೆಯದ ಕಾನೂನಿನ ಕಷ್ಟ ಏನು ಗೊತ್ತಾ? ಅದು ಕೊಡೋರ ಮನಸ್ಸಿನ ಮೇಲೆ ನಿಂತಿರುತ್ತೆ. ನಮ್ಮಜ್ಜಿಯ ತೌರು ಕೆ.ಆರ್. ಪೇಟೆ ಕಡೆ. ಮದುವೆಯಾಗಿ ಬಂದಿದ್ದು ನಾಗಮಂಗಲದ ಕಡೆಗೆ. ಅವ್ವನಿಗೆ ಹತ್ತು ವರ್ಷ ಇದ್ದಾಗ ನಡೆದದ್ದಿದು. ಅಜ್ಜಿ ಕಳೆ ಕಿತ್ತು ಮಡಿಲು ತುಂಬಿಸ್ಕೊಂಡು ಬದುವಿನ ಮೇಲೆ ಬರ್ತಿದ್ದಾಗ ಹೊಲದ ಯಜಮಾನ ಎದುರಾದ. "ಏನಮ್ಮೀ ಅದು ಮಡ್ಲಲ್ಲಿ?" "ಸೊಪ್ಪು ಬುದ್ಧಿ." "ಕೆಳ್ಗಡೆ ಅವ್ರೆಕಾಯಿ ಮಡಿಕಂಡಿದ್ದೀಯಾ? ಕೊಡುವು." ಆತನ ವಯಸ್ಸು ಇಪ್ಪತ್ತೈದೋ ಮೂವತ್ತೋ. ಅಜ್ಜಿಗೆ ಅವನಷ್ಟೇ ವಯಸ್ಸಿನ ಮಗ ಇದ್ದ. ಅಜ್ಜಿ ಮಡಿಲು ಕೊಡವಿದಳು. ಬರೀ ಸೊಪ್ಪು. ಆತ ಹೊರಟು ಹೋದ. ಅಜ್ಜಿ ಬಗ್ಗಿ ಮಣ್ಣಿನಿಂದ ಒಂದೊಂದೇ ಎಲೆ ಆರಿಸ್ಕೊಂಡಳು, ಅವ್ವನೂ ಆರಿಸಿಕೊಟ್ಟಳು. ಅವತ್ತು ಸಾರಾಯ್ತು, ಮಕ್ಕಳು ಉಂಡವು, ಅಜ್ಜಿ ಉಣ್ಣಲಿಲ್ಲ.

ಆಮೇಲೆ ಅಜ್ಜಿ ಮಾಡಿದ್ದು ನನಗೆ ಇವತ್ತಿಗೂ ದೊಡ್ಡ ಪಾಠ. ಆ ವರ್ಷದ ಕೊನೆಗೆ ಬಲಿತ ಅಣ್ಣೆ ಹೂಗಳನ್ನ ಕುಯ್ಕೊಂಡು ಬಂದು ಸೀರೆಯ ಚೂರಲ್ಲಿ ಗಂಟು ಕಟ್ಟಿ ಮಡುಗಿದಳು. ಮುಂದಿನ ಮುಂಗಾರಿಗೆ ಗುಡಿಸಲ ಹಿಂದೆ ಒಂದು ಮಂಚದಷ್ಟು ಅಗಲದ ಹಿತ್ತಲಲ್ಲಿ ಬೂದಿ, ಗೊಬ್ಬರ ಹರಡಿ, ಹೂವನ್ನ ಅಂಗೈಲಿ ಉಜ್ಜಿ ಬೀಜ ಉದುರಿಸಿದಳು. ತಾನಾಗಿ ಹುಟ್ಟೋ ಕಳೆಯನ್ನ ನಮ್ಮಜ್ಜಿ ಬಿತ್ತಿ ಬೆಳೆದಳು. ಕೇರಿಯವರೇ ನಕ್ಕರಂತೆ, "ಕಳೆನೂ ಬೆಳೀತಾರಾ ಯಾರಾದ್ರೂವೆ?" ಅಂತ. ಅಜ್ಜಿ ಹೇಳಿದ್ದು ಇಷ್ಟೇ: "ನನ್ ಇತ್ಲು. ಮಡ್ಲು ಕೊಡುವು ಅನ್ನಕೆ ಯಾರವ್ರೆ ಇಲ್ಲಿ?"

ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನಮ್ಮಜ್ಜಿಗೆ ಹಿತ್ತಲ ಗಿಡ ಮದ್ದೂ ಆಯ್ತು, ಮಾನವೂ ಆಯ್ತು.

*

ಈ ಸೊಪ್ಪು ಯಾಕೆ ಯಾವ ಇತಿಹಾಸದಲ್ಲೂ ಇಲ್ಲ?

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿ ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯನನ್ನ ಈ ಸೀಮೆಯ ಬೇಸಾಯ, ಜನ, ಕಸುಬು ಎಲ್ಲಾ ನೋಡಿ ಬರೆದುಕೊಂಡು ಬಾ ಅಂತ ಕಳಿಸಿದ. 1800 ಮತ್ತು 1801ರಲ್ಲಿ ತಿರುಗಾಡಿ ಆತ ಬರೆದದ್ದು 1807ರಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. ಶ್ರೀರಂಗಪಟ್ಟಣದ ಸುತ್ತಲಿನ ಅಷ್ಟಗ್ರಾಮದ ಗದ್ದೆ, ನಾಲೆ, ರಾಗಿ ಬೇಸಾಯ, ಆಳಿನ ಕೂಲಿ, ಹೊಲೆಯ ಮಾದಿಗರ ಸ್ಥಿತಿ ಎಲ್ಲಾ ಅದರಲ್ಲಿದೆ. ನಮ್ಮ ಚರಿತ್ರೆ ಬರೆಯೋರಿಗೆ ಅದು ಬೇಕೇ ಬೇಕಾದ ಪುಸ್ತಕ. ಬುಕಾನನ್ ಸಸ್ಯಶಾಸ್ತ್ರವನ್ನೂ ಓದಿಕೊಂಡವನು. ಆದರೆ ಅವನನ್ನ ಕಳಿಸಿದ್ದು ಕಂಪನಿ. ಕಂಪನಿಗೆ ಬೇಕಾಗಿದ್ದು ಕಂದಾಯ ಬರೋ ಬೆಳೆ. ಆ ಕಣ್ಣಿಗೆ ಕಳೆ ಅಂದ್ರೆ ಕೀಳಿಸೋ ಖರ್ಚು, ಉಣ್ಣೋ ಸೊಪ್ಪಲ್ಲ.

ಗಂಜಾಂನ ಲಾಲ್‌ಬಾಗಿನ ಕಥೆ ಎಲ್ಲರಿಗೂ ಗೊತ್ತು. ಟಿಪ್ಪು ದೂರ ದೂರದ ಊರಿಂದ ಸಸಿ, ಬೀಜ ತರಿಸಿದ್ದು, 1792ರ ಮುತ್ತಿಗೆಯಲ್ಲಿ ಕಾರ್ನ್‌ವಾಲಿಸ್ಸನ ಸೈನ್ಯ ಆ ತೋಟದ ಮರ ಕಡಿದಿದ್ದು, ಎಲ್ಲಾ ದಾಖಲೆಯಾಗಿದೆ. ಅರಮನೆಯ ತೋಟದ ಮರ ಕಡಿದರೆ ಇತಿಹಾಸ. ಕೇರಿಯ ಸೊಪ್ಪು ಸುಟ್ಟರೆ ಸುದ್ದಿಯೂ ಅಲ್ಲ.

ಮೈಸೂರು ಸೀಮೆಯಲ್ಲಿ 1863ರಿಂದ ಭೂಮಿಯ ಸರ್ವೆ ಶುರುವಾಯ್ತು. ಜಮೀನನ್ನ ಮೂರು ಮಾಡಿದ್ರು: ಖುಷ್ಕಿ, ತರಿ, ಬಾಗಾಯ್ತು. ಇವತ್ತಿನ ಪಹಣಿಯಲ್ಲೂ ಅದೇ ಪದಗಳಿವೆ. ಪಹಣಿಯಲ್ಲಿ ಸ್ವಾಧೀನದಾರನಿಗೆ ಒಂದು ಕಾಲಂ, ಬೆಳೆಗೆ ಒಂದು ಕಾಲಂ, ಋಣಕ್ಕೆ ಒಂದು ಕಾಲಂ. ಆ ಹೊಲದಲ್ಲಿ ಯಾರು ಕಳೆ ಕೀಳ್ತಾರೆ, ಯಾರು ಸೊಪ್ಪು ಕುಯ್ತಾರೆ ಅನ್ನೋದಕ್ಕೆ ಕಾಲಂ ಇಲ್ಲ. ಕಾಲಂ ಇಲ್ಲದ ಹಕ್ಕು ಹೋದಾಗ ಪರಿಹಾರವೂ ಇಲ್ಲ, ತಕರಾರು ಅರ್ಜಿಯೂ ಇಲ್ಲ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ನಮ್ಮವರಿಗೆ ತಿರುಕುಲದವರು ಅಂತ ಹೆಸರಿಟ್ಟು, ವರ್ಷಕ್ಕೆ ಮೂರು ದಿನ ಗುಡಿಯೊಳಗೆ ಬಿಡ್ತಿದ್ರು ಅಂತ ಹಳೇ ಬರಹಗಳು ಹೇಳ್ತವೆ. ಇದನ್ನ ದೊಡ್ಡ ಔದಾರ್ಯ ಅಂತ ಇವತ್ತಿಗೂ ಭಾಷಣ ಮಾಡೋರಿದ್ದಾರೆ. ನಾನು ಕೇಳೋದು ಒಂದೇ. ಗುಡಿಗೆ ಮೂರು ದಿನ, ಗದ್ದೆಗೆ ಎಷ್ಟು ದಿನ? ಅಲ್ಲಿ ಮಾತ್ರ ವರ್ಷ ಪೂರ್ತಿ ಬಾಗಿಲು ತೆಗೆದೇ ಇತ್ತು.

*

ಹಸಿವಿನ ಲೆಕ್ಕವನ್ನೂ ನೋಡೋಣ.

ರಾಗಿ ಬಿತ್ತೋದು ಜೂನ್, ಜುಲೈ. ಕುಯ್ಲು ನವೆಂಬರ್, ಡಿಸೆಂಬರ್. ಜಮೀನಿದ್ದವರ ಮನೆಯಲ್ಲಿ ಹಗೇವು ಇತ್ತು. ನೆಲದೊಳಗೆ ತೋಡಿದ ಆ ಕಣಜದಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರೋದು. ಜೀತಕ್ಕಿದ್ದವರ ಮನೆಯಲ್ಲಿ ಆಷಾಢದ ಹೊತ್ತಿಗೆ ಮಡಕೆಯ ತಳ ಕಾಣೋದು. ಅಣ್ಣೆ ಸೊಪ್ಪಿನ ದೊಡ್ಡತನ ಇರೋದು ಇಲ್ಲಿ. ಮಳೆ ಬಿದ್ದ ಮೂರು ನಾಲ್ಕು ವಾರಕ್ಕೆ ಕೈಗೆ ಬರುತ್ತೆ. ರಾಗಿಗೆ ನಾಲ್ಕು ತಿಂಗಳು ಕಾಯಬೇಕು. ಹಗೇವು ಇಲ್ಲದವರಿಗೆ ಆ ನಡುವಿನ ತಿಂಗಳುಗಳನ್ನ ದಾಟಿಸಿದ್ದು ಈ ಕಳೆ.

ಮಳೆಯೇ ಬರದಿದ್ದರೆ ಕಳೆಯೂ ಇಲ್ಲ. ಧಾತು, ಈಶ್ವರ ಸಂವತ್ಸರಗಳ ಬರ, ಅಂದ್ರೆ 1876-78ರ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷಕ್ಕೂ ಜಾಸ್ತಿ ಇದ್ದರು. 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಹುಟ್ಟಿದವರನ್ನೂ ಸೇರಿಸಿಕೊಂಡೇ ಈ ಇಳಿತ. ಯಾವ ಕೇರಿಯಿಂದ ಎಷ್ಟು ಹೆಣ ಹೋದವು ಅನ್ನೋದನ್ನ ಊಹೆ ಮಾಡೋಕೆ ದೊಡ್ಡ ಪಂಡಿತರು ಬೇಕಿಲ್ಲ. ಕೂಲಿಯನ್ನೇ ನಂಬಿದ್ದವರು ಮೊದಲು ಸತ್ತರು.

ಪಕ್ಕದ ಮದರಾಸು ಪ್ರಾಂತ್ಯದಲ್ಲಿ ಅದೇ ಹೊತ್ತಿನಲ್ಲಿ ಒಂದು ಜಗಳ ನಡೆದಿತ್ತು. ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ, ಬರದ ಕಾಮಗಾರಿಯಲ್ಲಿ ದುಡಿಯೋ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದ್ರೆ ಸುಮಾರು 450 ಗ್ರಾಂ ಧಾನ್ಯ, ಒಂದು ಆಣೆ ಸಾಕು ಅಂದ. ಹೆಂಗಸರಿಗೆ ಇನ್ನೂ ಕಮ್ಮಿ. ಆರೋಗ್ಯ ಇಲಾಖೆಯ ಕಾರ್ನಿಶ್ ಅನ್ನೋ ವೈದ್ಯ ಎದುರು ನಿಂತ. ಧಾನ್ಯ 680 ಗ್ರಾಂ ಆದರೂ ಬೇಕು, ಜೊತೆಗೆ ಬೇಳೆ ಥರದ್ದೂ ತರಕಾರಿಯೂ ಬೇಕು ಅಂದ. ಬರೀ ಕಾಳು ತಿಂದು ಮನುಷ್ಯ ದುಡಿಯಲಾರ ಅನ್ನೋದನ್ನ ಸರ್ಕಾರಕ್ಕೆ ಒಪ್ಪಿಸೋಕೆ ಒಬ್ಬ ವೈದ್ಯ ಹೋರಾಡಬೇಕಾಯ್ತು. ನಮ್ಮ ಹೆಂಗಸರು ಅದನ್ನ ಯಾವ ವರದಿಯೂ ಓದದೆ ಮಡಿಲಲ್ಲಿ ಹೊತ್ತು ತರ್ತಿದ್ರು.

*

ಆಮೇಲೆ ನೀರು ಬಂತು.

1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗಿ ಎರಡು ದಶಕ ನಡೆಯಿತು. ಅದರ ಹಿಂದೆಯೇ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಅರಸರ ಕಾಲದ ನಾಲೆಗಳು ಮೊದಲೇ ಇದ್ದವು, ಚಿಕ್ಕದೇವರಾಯ ನಾಲೆ, ವಿರಿಜಾ ನಾಲೆ. ಈಗ ಇನ್ನೂ ವಿಸ್ತಾರಕ್ಕೆ ಭತ್ತ, ಕಬ್ಬು. ನಾಗಮಂಗಲ, ಕೆ.ಆರ್. ಪೇಟೆಯ ಬಹುಪಾಲು ಹೊಲ ಖುಷ್ಕಿಯಾಗೇ ಉಳೀತು. ಹೇಮಾವತಿ ನಾಲೆ ಬಂದಿದ್ದು ಬಹಳ ತಡ, ಬಂದ ಮೇಲೂ ಎಲ್ಲಾ ಹೊಲ ಮುಟ್ಟಲಿಲ್ಲ.

ನಾಲೆ ಬಂದಿದ್ದು ಒಳ್ಳೇದಲ್ಲ ಅಂತ ನಾನು ಹೇಳಲ್ಲ. ನೀರು ಬೇಡ ಅನ್ನೋಕೆ ನಾವೇನು ನೀರು ಕುಡಿದು ತೇಗಿದವರಲ್ಲ. ಎಷ್ಟೋ ಊರಲ್ಲಿ ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಬಿಡೋ ನೀರಗಂಟಿ ನಮ್ಮವನೇ, ಅದೇ ಊರ ಬಾವಿ ಮುಟ್ಟಬಾರದವನೂ ನಮ್ಮವನೇ. ಹೇಳ್ತಿರೋದು ಇಷ್ಟು: ನೀರಿನ ಜೊತೆ ಸೊಪ್ಪೂ ಬದಲಾಯ್ತು. ಅಣ್ಣೆ ಖುಷ್ಕಿಯ ಗಿಡ. ನೀರು ನಿಂತ ಭತ್ತದ ಗದ್ದೆಯಲ್ಲಿ ಅದಕ್ಕೆ ಜಾಗ ಇಲ್ಲ. ನಾಗಮಂಗಲದಿಂದ ಪಾಂಡವಪುರ, ಶ್ರೀರಂಗಪಟ್ಟಣದ ನಾಲೆ ಬಯಲಿಗೆ ನಾಟಿ ಕೆಲಸಕ್ಕೆ ಗುಂಪು ಕಟ್ಟಿಕೊಂಡು ಹೋಗ್ತಿದ್ದ ನಮ್ಮವ್ವನಂಥವರು ಅಲ್ಲಿ ಹೊಸ ಸೊಪ್ಪು ಕಲಿತರು. ಕಾಲುವೆ ಬದಿಯ ಹೊನಗೊನೆ, ಗದ್ದೆ ಬದುವಿನ ಒಂದೆಲಗ. ಸಂಜೆ ಲಾರಿ ಹತ್ತೋವಾಗ ಮಡಿಲಲ್ಲಿ ಅದನ್ನ ಕಟ್ಟಿಕೊಂಡು ಬರೋರು. ನಾಲ್ಕು ತಾಲ್ಲೂಕಿನ ಭೂಗೋಳವನ್ನ ನಾನು ಇಸ್ಕೂಲಲ್ಲಿ ಕಲೀಲಿಲ್ಲ, ಅವ್ವನ ಮಡಿಲಲ್ಲಿ ಕಲಿತೆ. ಅಣ್ಣೆ ಇದ್ದರೆ ಅವತ್ತು ಊರಲ್ಲೇ ಕೂಲಿ. ಹೊನಗೊನೆ ಇದ್ದರೆ ನಾಲೆ ಬಯಲು.

*

ಈಗ ಒಂದು ದೂರದ ಮಾತು. ನೈಜೀರಿಯಾ ಅನ್ನೋ ದೇಶದ ಹೆಸರು ಕೇಳಿದೀರಿ. ಅಲ್ಲಿನ ಯೊರುಬಾ ಜನ ಇದೇ ಅಣ್ಣೆಗೆ ಸೊಕೊ ಅಂತಾರೆ. ಮಡಿ ಮಾಡಿ, ಬೀಜ ಚೆಲ್ಲಿ, ನೀರು ಕಟ್ಟಿ ಬೆಳೆದು, ಕಂತೆ ಕಟ್ಟಿ ಸಂತೆಗೆ ತರ್ತಾರೆ. ಇಂಗ್ಲಿಷಿನವರು ಇದನ್ನ ಲಾಗೋಸ್ ಪಾಲಕ್ ಅಂತ ಕರೆಯೋದೂ ಉಂಟು. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2006ರಲ್ಲಿ ಆಫ್ರಿಕಾದ ಕಡೆಗಣಿಸಿದ ತರಕಾರಿಗಳ ಬಗ್ಗೆ ಪುಸ್ತಕ ತಂದಾಗ ಇದಕ್ಕೆ ಒಂದು ಇಡೀ ಅಧ್ಯಾಯ ಕೊಟ್ಟಿತು. ಉಗಾಂಡಾದಲ್ಲಿ ಜೋಳದ ಜೊತೆ ಇದನ್ನ ಬೆಳೆದು ನೋಡಿದಾಗ, ಜೋಳದ ಬೇರಿಗೆ ಅಂಟಿ ರಸ ಹೀರೋ ಸ್ಟ್ರೈಗಾ ಅನ್ನೋ ಕೆಟ್ಟ ಕಸ ಕಮ್ಮಿಯಾದದ್ದು ಕಂಡಿತು. ಕಳೆ ಅಂತ ನಾವು ಬೈಯೋ ಗಿಡ ಇನ್ನೊಂದು ಕಳೆಯನ್ನ ತಡೀತು.

ಆಫ್ರಿಕಾದ ಮಾತು ಯಾಕೆ ಅಂದ್ರೆ, ನಾವು ಮುದ್ದೆ ತಿನ್ನೋ ರಾಗಿಯೂ ಸಾವಿರಾರು ವರ್ಷದ ಹಿಂದೆ ಅಲ್ಲಿಂದಲೇ ಬಂದದ್ದು. ನಮ್ಮ ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನ ಕೂಡಿಸಿ ಇಂಡಾಫ್ ತಳಿಗಳನ್ನ ಕೊಟ್ಟರು. ಇಂಡಿಯಾದ ಇಂಡ್, ಆಫ್ರಿಕಾದ ಆಫ್. ಜನ ಅವರನ್ನ ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ಎಷ್ಟು ಹೊಟ್ಟೆ ತುಂಬಿಸಿದ ಕೆಲಸ ಅದು! ವಿಶ್ವಸಂಸ್ಥೆ 2023ನ್ನ ಸಿರಿಧಾನ್ಯ ವರ್ಷ ಅಂತ ಮಾಡಿದ ಮೇಲೆ ರಾಗಿಗೆ ಮೇಳ, ಮೆರವಣಿಗೆ, ಫೈವ್ ಸ್ಟಾರ್ ಹೋಟೆಲು. ಸಂತೋಷ. ಆದರೆ ರಾಗಿಯ ಪಕ್ಕದಲ್ಲೇ ಹುಟ್ಟಿ, ರಾಗಿಯ ಮುದ್ದೆಗೆ ಸಾರಾದ ಗಿಡಕ್ಕೆ ಅಂಥ ಒಬ್ಬ ಲಕ್ಷ್ಮಣಯ್ಯ ಸಿಗಲಿಲ್ಲ.

*

ಈಗ ಔಷ್ಧಿಯ ವಿಷಯ. ಅದನ್ನ ಔಷ್ಧಿ ಅಂತ ಯಾಕೆ ಕರೀತೀವೋ, ಅದು ವಿಷ. 2,4-ಡಿ ಥರದ ಕಳೆನಾಶಕದ ಗುಣವೇ ಅಗಲ ಎಲೆಯ ಗಿಡ ಸಾಯಿಸೋದು, ಹುಲ್ಲಿನ ಜಾತಿಯ ಪೈರನ್ನ ಬಿಡೋದು. ಭತ್ತ, ರಾಗಿ, ಕಬ್ಬು ಹುಲ್ಲಿನ ಜಾತಿ. ಅಣ್ಣೆ, ದಗ್ಗಲ, ಗೋಣಿ, ಹೊನಗೊನೆ ಅಗಲ ಎಲೆ. ಅಂದ್ರೆ ಡಬ್ಬದ ಮೇಲೆ ಕಳೆ ಅಂತ ಬರೆದಿರೋ ಪಟ್ಟಿ ನಮ್ಮವ್ವನ ಅಡುಗೆಮನೆಯ ಪಟ್ಟಿ. ಬದುವಿನ ಮೇಲೆ ಹೊಡೆಯೋ ಗ್ಲೈಫೋಸೇಟಿಗೆ ಆ ಭೇದವೂ ಇಲ್ಲ, ಹಸಿರು ಕಂಡದ್ದೆಲ್ಲಾ ಹೋಗುತ್ತೆ.

ಒಂದೇ ಪಂಪಲ್ಲಿ ಎರಡು ಹೋದವು. ಕಳೆ ಕೀಳೋ ಹೆಂಗಸಿನ ಕೂಲಿ ದಿನಗಳು ಹೋದವು. ಕೂಲಿಯಲ್ಲಿ ಕಾಣದ ಕೂಲಿಯಾಗಿದ್ದ ಸೊಪ್ಪೂ ಹೋಯ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು, 2019-21ರದ್ದು, ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ ಅನ್ನುತ್ತೆ. ಅಂಗನವಾಡಿಯಲ್ಲಿ ಕಬ್ಬಿಣದ ಮಾತ್ರೆ ಕೊಡ್ತಾರೆ, ಗೋಡೆ ಮೇಲೆ ಹಸಿರು ಸೊಪ್ಪು ತಿನ್ನಿ ಅಂತ ಬರೆಸ್ತಾರೆ. ಯಾವ ಹೊಲದ ಸೊಪ್ಪು ಅಂತ ಬರೆಸಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲರೂ ಲೈಕ್ ಒತ್ತಿ ಹೋಗಬಹುದಿತ್ತು. ಆದರೆ ಸತ್ಯ ಪೂರ್ತಿ ಹೇಳಬೇಕು.

ಅವತ್ತು ಅವ್ವ ಬರಿ ಮಡಿಲಲ್ಲಿ ಬಂದಳಲ್ಲ, ಔಷ್ಧಿ ಹೊಡೆದ ಆ ಹೊಲ ಯಾವ ಗೌಡರದೂ ಅಲ್ಲ. ನಮ್ಮ ಚಿಕ್ಕಪ್ಪಂದು. ದರಖಾಸ್ತಿನಲ್ಲಿ ನಮ್ಮ ಮನೆತನಕ್ಕೆ ಸಿಕ್ಕ ಜಮೀನು. 1978ರ ಪಿಟಿಸಿಎಲ್ ಕಾಯ್ದೆ ಇದ್ದದ್ದಕ್ಕೆ ಕೈ ತಪ್ಪದೆ ಉಳಿದದ್ದು. ನಾನು ಸಿಟ್ಟಲ್ಲಿ ಹೋಗಿ ಕೇಳಿದೆ, "ಏನ್ ಚಿಕ್ಕಪ್ಪ, ನೀನೂ ವಿಸ ವಡೀತೀಯಲ್ಲ?" ಚಿಕ್ಕಪ್ಪ ಪಂಪು ತೊಳೀತಾ ಇದ್ದ. ತಲೆ ಎತ್ತದೆ ಹೇಳಿದ: "ಹುಡುಗ್ರೆಲ್ಲಾ ಬೆಂಗ್ಳೂರು ಸೇರವ್ರೆ. ಹೆಣ್ಣಾಳ್ಗೆ ಕೂಲಿ ಕೊಟ್ಟು ಕಳೆ ಕೀಳ್ಸುದ್ರೆ ರಾಗಿ ಮಾರುದ್ರೂ ಉಟ್ಟಲ್ಲ. ನೀನ್ ಬಂದು ಕೀಳ್ತೀಯೇನ್ಲಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಪೂರ್ತಿ ಉತ್ತರ ಇಲ್ಲ. ಕಳೆ ಪೈರಿನ ಗೊಬ್ಬರ, ನೀರು ತಿನ್ನುತ್ತೆ ಅನ್ನೋದು ಸುಳ್ಳಲ್ಲ. ಒಂದು ಎಕರೆಯ ರೈತ ಯಾವ ಜಾತಿಯವನಾದರೂ ಅವನ ಕಷ್ಟ ಸುಳ್ಳಲ್ಲ. ನಮ್ಮವ್ವಂದಿರು ಮತ್ತೆ ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳಲಿ, ಅದೇ ನಮ್ಮ ಸಂಸ್ಕೃತಿ ಅಂತ ನಾನು ಹೇಳಿದರೆ ನನ್ನ ಬಾಯಿಗೆ ಮಣ್ಣು ಹಾಕಿ. ಹಸಿವನ್ನ ಸಂಸ್ಕೃತಿ ಅಂತ ಕರೆಯೋರನ್ನ ಕಂಡರೆ ನನಗೆ ಭಯ. ಬೆಂಗಳೂರಿನ ಅಂಗಡಿಯಲ್ಲಿ ವೈಲ್ಡ್ ಗ್ರೀನ್ಸ್ ಅಂತ ಪ್ಯಾಕೆಟ್ ಕಟ್ಟಿ ಮಾರೋರನ್ನ ಕಂಡರೂ ಅಷ್ಟೇ. ಸೊಪ್ಪಿಗೆ ಮರ್ಯಾದೆ ಬಂತು, ಆರಿಸಿದ ಕೈಗೆ ಬಂತಾ?

1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಅಂದಿದ್ದಕ್ಕೆ ಊರೆಲ್ಲಾ ಹೊತ್ತಿ ಉರೀತು, ಅವರ ಮಂತ್ರಿಗಿರಿಯೂ ಹೋಯ್ತು. ಬೂಸಾ ಅಂದ್ರೆ ದನದ ಮೇವು. ನಮ್ಮ ಸೊಪ್ಪನ್ನ ಇದೇ ಊರು ದನ ತಿನ್ನೋ ಸೊಪ್ಪು ಅಂತ ಸಾವಿರ ಸಲ ಅಂದಿದೆ. ಆಗ ಯಾರಿಗೂ ಸಿಟ್ಟು ಬರಲಿಲ್ಲ. ನಮಗೂ ಬರಲಿಲ್ಲ, ಅದು ಇನ್ನೂ ನೋವಿನ ಮಾತು. ನಾನೇ ಹಾಸ್ಟೆಲ್ಲಿನಲ್ಲಿ ಓದೋವಾಗ ಮನೇಲಿ ಏನು ಸಾರು ಅಂದ್ರೆ ಬೇಳೆ ಸಾರು ಅಂತ ಸುಳ್ಳು ಹೇಳಿದೀನಿ.

ಅಜ್ಜಿಯ ಹಿತ್ತಲು ಏನಾಯ್ತು ಅಂತ ಕೇಳ್ತೀರಾ? ನಮಗೆ ಜನತಾ ಮನೆ ಬಂತು. ಗುಡಿಸಲು ಹೋಗಿ ಗೋಡೆ ಬಂತು, ಸೋರದ ಸೂರು ಬಂತು. ಅಳತೆ ಮಾಡಿ ಕೊಟ್ಟ ಸೈಟಿನಲ್ಲಿ ಮನೆ ಕಟ್ಟಿದರೆ ಹಿತ್ತಲಿಗೆ ಜಾಗ ಇರಲಿಲ್ಲ. ಮನೆಗೆ ಸರ್ಕಾರಕ್ಕೆ ಕೈ ಮುಗೀತೀನಿ. ಆದರೆ ಮನೆ ಕೊಡೋವಾಗ ಒಂದು ಮಂಚದಗಲ ಮಣ್ಣನ್ನ ಯಾರೂ ಲೆಕ್ಕ ಹಿಡೀಲಿಲ್ಲ. ಬೆಳೆದ ಸೊಪ್ಪು ಮತ್ತೆ ಕಾಡು ಸೊಪ್ಪಾಯ್ತು, ಈಗ ಕಾಡು ಸೊಪ್ಪೂ ಹೋಗ್ತಿದೆ.

*

ನಾನು ಕೇಳೋದು ದೊಡ್ಡದೇನಲ್ಲ.

ಒಂದು: ನಿವೇಶನ ಕೇಳೋ ನಮ್ಮ ಪ್ರತಿ ಅರ್ಜಿಯಲ್ಲೂ ಹಿತ್ತಲು ಅನ್ನೋ ಪದ ಸೇರಿಸೋಣ. ಮನೆ ಅಂದ್ರೆ ಗೋಡೆ ಮಾತ್ರ ಅಲ್ಲ.

ಎರಡು: ಗೋಮಾಳ, ಕೆರೆ ಏರಿ, ರಸ್ತೆ ಬದಿ, ಶಾಲೆ ಕಾಂಪೌಂಡು, ಇವು ಯಾರಪ್ಪನ ಆಸ್ತಿಯೂ ಅಲ್ಲ. ಅಲ್ಲಿ ಕಳೆನಾಶಕ ಹೊಡೆಯಬಾರದು ಅಂತ ಗ್ರಾಮಸಭೆಯಲ್ಲಿ ಎದ್ದು ನಿಂತು ಬರೆಸೋಣ.

ಮೂರು: ನಿಮ್ಮವ್ವ, ಅಜ್ಜಿ, ಅತ್ತೆ ಯಾರಿದ್ದಾರೋ ಅವರ ಹತ್ತಿರ ಕೂತು ಸೊಪ್ಪಿನ ಹೆಸರು ಬರೆದುಕೊಳ್ಳಿ. ನಮ್ಮವ್ವ ಒಂದೇ ಉಸಿರಿಗೆ 23 ಹೆಸರು ಹೇಳಿದಳು. ಗಿಡ ನೋಡಿ ನನಗೆ ಗುರುತು ಸಿಕ್ಕಿದ್ದು ಒಂಬತ್ತು. ಎರಡು ತಲೆಮಾರಿನ ನಡುವೆ ಹದಿನಾಲ್ಕು ಕಳೆದೆ ನಾನು. ಎಂಎ ಓದಿದ್ದಕ್ಕೆ ತೆತ್ತ ಬೆಲೆಯಲ್ಲಿ ಇದೂ ಒಂದು.

ಬರೋ ದಿನ ಬೆಳಿಗ್ಗೆ ಕೇರಿಯ ಅಂಬೇಡ್ಕರ್ ಭವನದ ಹಿಂದೆ ಹೋದೆವು. ಅಲ್ಲಿ ಕಸದ ಗುಂಡಿ ಪಕ್ಕ ಅಣ್ಣೆ ಗಿಡಗಳು ಐದಾರು ಎದ್ದಿದ್ದವು. ನಾನು ಕುಯ್ಯೋಕೆ ಬಗ್ಗಿದೆ. ಅವ್ವ ಕೈ ಹಿಡಿದಳು. "ಬುಡು ಮಗ, ಬಲೀಲಿ. ಬೀಜ್ಕೆ ಬೇಕು." ಚಿಕ್ಕಪ್ಪನೂ ಬಂದಿದ್ದ. ಏನೂ ಮಾತಾಡದೆ ಹೋಗಿ ನಾಲ್ಕು ಗೂಟ, ಒಂದು ಹಳೇ ಸೀರೆ ತಂದು ದನ ಬಾಯಿ ಹಾಕದ ಹಾಗೆ ಸುತ್ತ ಕಟ್ಟಿದ. ಮುಂದಿನ ಮುಂಗಾರಿಗೆ ಭವನದ ಹಿಂದಿನ ಆ ಜಾಗವನ್ನ ಕೇರಿಯ ಹೆಂಗಸರ ಸೊಪ್ಪಿನ ಮಡಿ ಮಾಡಬೇಕು ಅಂತ ಮಾತಾಡಿಕೊಂಡಿದೀವಿ. ಅಲ್ಲಿ ಯಾರೂ ಯಾರಿಗೂ ಮಡಿಲು ಕೊಡವು ಅನ್ನಲ್ಲ.

ಬೀಜ ಬೇಕಾದವರು ಹೇಳಿ. ಕಾರ್ತೀಕ ಕಳೀಲಿ, ಗಂಟು ಕಟ್ಟಿ ಮಡುಗ್ತೀವಿ.

ಜೈಭೀಮ್.